ದೊಡ್ಡ ಗಾತ್ರದ ಕ್ಯಾರವಾನ್ ವಾಹನಗಳಿಗೆ ಉಪಗ್ರಹ ಆಧಾರಿತ ಮಾರ್ಗದರ್ಶಿ ಸಾಧನದ ಆಯ್ಕೆ: ಸದ್ಯದ ಸ್ಥಿತಿಗತಿಯ ವಿಶ್ಲೇಷಣೆ

(ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ)

ಮಲಗುವ, ಅಡುಗೆ ಮಾಡುವ ಹಾಗೂ ಶೌಚಾಲಯದ ವ್ಯವಸ್ಥೆಯುಳ್ಳ ಕ್ಯಾರವಾನ್ ವಾಹನಗಳಲ್ಲಿ ಪ್ರವಾಸ ಮಾಡುವ ಪದ್ಧತಿಯು ಭಾರತದಲ್ಲಿ ಹೊಸದೇನೂ ಅಲ್ಲವಾದರೂ, 2021ರಲ್ಲಿ ಕೇರಳ ಸರ್ಕಾರವು ಪ್ರತ್ಯೇಕ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ ತರುವಾಯ ದಕ್ಷಿಣದ ರಾಜ್ಯಗಳಲ್ಲಿ ಇದರ ಬಗ್ಗೆ ಆಸಕ್ತಿ ಹೆಚ್ಚಿದೆ. ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಇಂತಹ ವಾಹನವು ಕಾರಿಗಿಂತ ಎತ್ತರದಲ್ಲಿಯೂ ಅಗಲದಲ್ಲಿಯೂ ಉದ್ದದಲ್ಲಿಯೂ ಭಿನ್ನವಾದುದು. ಆದರೆ ಅದನ್ನು ಚಲಾಯಿಸುವವರ ಕೈಯಲ್ಲಿರುವುದು ಬಹುಪಾಲು ಸಂದರ್ಭಗಳಲ್ಲಿ ಕಾರಿಗೆಂದು ಸಿದ್ಧಪಡಿಸಿದ ಮೊಬೈಲ್ ನಕ್ಷೆಯೇ ಆಗಿರುತ್ತದೆ. ಈ ಅಂತರದಿಂದ ಉಂಟಾಗುವ ತೊಂದರೆಗಳನ್ನೂ, ಸಾಧನವನ್ನು ಆಯ್ಕೆ ಮಾಡುವಾಗ ಗಮನಿಸಬೇಕಾದ ಅಂಶಗಳನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

ಇತ್ತೀಚಿನ ಘಟನೆಗಳು

ದಿನಾಂಕ 24-11-2024ರಂದು ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ರಾಮಗಂಗಾ ನದಿಗೆ ಅಡ್ಡಲಾಗಿದ್ದ ಅಪೂರ್ಣ ಸೇತುವೆಯ ಮೇಲಿನಿಂದ ಕಾರೊಂದು ಕೆಳಗೆ ಬಿದ್ದು ಮೂವರು ಮೃತಪಟ್ಟರು. ಸೇತುವೆಯ ಒಂದು ಭಾಗವು ಅದಕ್ಕೂ ಮೊದಲೇ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಮಾರ್ಗದರ್ಶಿ ನಕ್ಷೆಯಲ್ಲಿ ಮಾತ್ರ ಅದು ಉಳಿದುಕೊಂಡಿತ್ತು. ಅದಕ್ಕೂ ಮುನ್ನ, 2023ರ ಅಕ್ಟೋಬರ್ ಮೊದಲ ದಿನದ ನಡುರಾತ್ರಿಯಲ್ಲಿ, ಕೇರಳದ ಕೊಚ್ಚಿ ಸಮೀಪ ಮಳೆಯ ನಡುವೆ ನಕ್ಷೆಯನ್ನು ಅನುಸರಿಸುತ್ತಿದ್ದರೆನ್ನಲಾದ ಕಾರು ನದಿಗಿಳಿದು ಇಬ್ಬರು ಯುವ ವೈದ್ಯರು ಜೀವ ಕಳೆದುಕೊಂಡರು. ನಮ್ಮ ರಾಜ್ಯದಲ್ಲಿ 2024ರ ಡಿಸೆಂಬರ್ ತಿಂಗಳಿನಲ್ಲಿ, ಗೋವಾಕ್ಕೆ ಹೊರಟಿದ್ದ ಹೊರರಾಜ್ಯದ ಕುಟುಂಬವೊಂದು ಮೊಬೈಲ್ ನಕ್ಷೆಯನ್ನು ನಂಬಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡ ಅರಣ್ಯದೊಳಗೆ ಸಿಲುಕಿ, ರಾತ್ರಿಯನ್ನು ಅಲ್ಲಿಯೇ ಕಳೆಯಬೇಕಾಯಿತು. ಮೊಬೈಲ್ ಸಂಪರ್ಕ ದೊರೆಯುವ ಸ್ಥಳದವರೆಗೆ ನಡೆದು 112 ಸಂಖ್ಯೆಗೆ ಕರೆ ಮಾಡಿದ ಮೇಲೆ ಪೊಲೀಸರು ಅವರನ್ನು ಹೊರಗೆ ಕರೆತಂದರು.

ಈ ಮೂರೂ ಘಟನೆಗಳಲ್ಲಿದ್ದುದು ಕಾರುಗಳು ಎಂಬುದು ಗಮನಾರ್ಹ. ದಾರಿ ತಪ್ಪಿದೆಯೆಂದು ಅರಿವಾದ ಕೂಡಲೇ ಕಾರನ್ನು ಹಿಂತಿರುಗಿಸಲು ಹೆಚ್ಚು ಸ್ಥಳ ಬೇಕಾಗದು. ಬಸ್ಸಿನ ಗಾತ್ರದ ಕ್ಯಾರವಾನ್ ಒಂದು ಕಿರಿದಾದ ರಸ್ತೆಗೆ ಇಳಿದರೆ, ಹಿಂತಿರುಗುವ ಸ್ಥಳಕ್ಕಾಗಿ ಇನ್ನೂ ಹಲವು ಕಿಲೋಮೀಟರ್ ಮುಂದೆ ಹೋಗಬೇಕಾಗಬಹುದು, ಅಥವಾ ಕತ್ತಲೆಯಲ್ಲಿ ಹಿಮ್ಮುಖವಾಗಿಯೇ ಚಲಿಸಬೇಕಾಗಬಹುದು.

ದೋಷ ಇರುವುದು ಎಲ್ಲಿ?

ಸಾಧನ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ "ಇದು ಜಿ.ಪಿ.ಎಸ್. ಮಾತ್ರವೇ, ನಾವಿಕ್ ಕೂಡ ಇದೆಯೇ?" ಎಂಬುದಾಗಿರುತ್ತದೆ. ಪ್ರಶ್ನೆ ತಪ್ಪಲ್ಲ, ಆದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮಾರ್ಗದರ್ಶನದಲ್ಲಿ ಮೂರು ಕೆಲಸಗಳು ಅಡಗಿವೆ. ವಾಹನ ಈಗ ಎಲ್ಲಿದೆ ಎಂಬುದನ್ನು ಉಪಗ್ರಹಗಳ ಸಂಕೇತ ತಿಳಿಸುತ್ತದೆ. ಆ ಸ್ಥಳದ ಸುತ್ತ ಯಾವ ಯಾವ ರಸ್ತೆಗಳಿವೆ ಎಂಬುದನ್ನು ನಕ್ಷೆ ತಿಳಿಸುತ್ತದೆ. ಆ ರಸ್ತೆಗಳಲ್ಲಿ ಯಾವುದು ಈ ವಾಹನಕ್ಕೆ ತಕ್ಕದ್ದು ಎಂಬುದನ್ನು ಸಾಧನದ ತಂತ್ರಾಂಶ ನಿರ್ಧರಿಸುತ್ತದೆ. ಅಮೆರಿಕ ಸರ್ಕಾರವು 2000ದ ಮೇ ತಿಂಗಳಿನಲ್ಲಿ ನಾಗರಿಕ ಸಂಕೇತದ ನಿಖರತೆಯನ್ನು ಉದ್ದೇಶಪೂರ್ವಕವಾಗಿ ತಗ್ಗಿಸುವ ಕ್ರಮವನ್ನು ಕೈಬಿಟ್ಟಂದಿನಿಂದ ಮೊದಲನೆಯ ಕೆಲಸದಲ್ಲಿ ದೊಡ್ಡ ತಪ್ಪುಗಳು ವಿರಳವಾಗಿವೆ. ಬರೇಲಿಯಲ್ಲಿ ಉಪಗ್ರಹವು ತಪ್ಪು ಹೇಳಲಿಲ್ಲ, ನಕ್ಷೆ ಹಳೆಯದಾಗಿತ್ತು. ಕ್ಯಾರವಾನ್ ಚಾಲಕರಿಗೆ ಎರಡನೆಯ ಮತ್ತು ಮೂರನೆಯ ಹಂತಗಳೇ ಮುಖ್ಯ.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ನಾವಿಕ್ ವ್ಯವಸ್ಥೆಯ ಕುರಿತು ಒಂದೆರಡು ಮಾತು ಇಲ್ಲಿ ಅಪ್ರಸ್ತುತವಾಗದು. ಇದರ ಸಂಚಾರ ದರ್ಶನ ಕೇಂದ್ರವು ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿ 2013ರಿಂದ ಕಾರ್ಯನಿರ್ವಹಿಸುತ್ತಿದೆ. ದೇಶದ ಗಡಿಯಿಂದ ಸುಮಾರು 1,500 ಕಿ.ಮೀ. ವ್ಯಾಪ್ತಿಯವರೆಗೆ 20 ಮೀಟರಿಗಿಂತ ಉತ್ತಮ ನಿಖರತೆ ಇದರ ಗುರಿ. ಮೊದಲ ಪೀಳಿಗೆಯ ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟಿದ್ದು, 2023ರ ಮೇ 29ರಂದು ಎನ್.ವಿ.ಎಸ್.-01 ಉಪಗ್ರಹವನ್ನು ಯಶಸ್ವಿಯಾಗಿ ಉಡಾಯಿಸಲಾಯಿತು. 2025ರ ಜನವರಿ 29ರಂದು ಹಾರಿದ ಎನ್.ವಿ.ಎಸ್.-02 ತನ್ನ ಉದ್ದೇಶಿತ ಕಕ್ಷೆಯನ್ನು ಸೇರಲಾಗಲಿಲ್ಲ. ಆದ್ದರಿಂದ ನಾವಿಕ್ ಒಂದನ್ನೇ ಅವಲಂಬಿಸುವ ಸಾಧನಕ್ಕಿಂತ, ಹಲವು ದೇಶಗಳ ಉಪಗ್ರಹ ಸಮೂಹಗಳನ್ನು ಒಟ್ಟಿಗೆ ಬಳಸುವ ಸಾಧನವು ಮಲೆನಾಡಿನ ಕಣಿವೆಗಳಲ್ಲಿಯೂ ದಟ್ಟ ಮರಗಳ ನೆರಳಿನಲ್ಲಿಯೂ ಹೆಚ್ಚು ಸ್ಥಿರವಾಗಿರುತ್ತದೆ. ಇಂದು ಮಾರಾಟವಾಗುವ ಬಹುತೇಕ ಮೊಬೈಲ್ ಫೋನುಗಳಲ್ಲಿ ಇಂತಹ ವ್ಯವಸ್ಥೆಯಿದೆ. ಆದರೂ ಯಾವ ಉಪಗ್ರಹವೂ ಮುಂದಿನ ಕೆಳಸೇತುವೆಯ ಎತ್ತರವನ್ನು ತಿಳಿಸಲಾರದು.

ವಾಹನ ಜಾಡು ಪತ್ತೆ ಸಾಧನವೇ ಬೇರೆ

ಅರ್ಜಿದಾರರಲ್ಲಿ ಉಂಟಾಗಬಹುದಾದ ಒಂದು ಗೊಂದಲವನ್ನು ಇಲ್ಲಿಯೇ ನಿವಾರಿಸುವುದು ಸೂಕ್ತ. ಎ.ಐ.ಎಸ್.-140 ಮಾನದಂಡದ ವಾಹನ ಜಾಡು ಪತ್ತೆ ಸಾಧನ ಹಾಗೂ ತುರ್ತು ಗುಂಡಿಯನ್ನು ಸಾರ್ವಜನಿಕ ಸೇವಾ ವಾಹನಗಳಿಗೆ ಅಳವಡಿಸುವುದು ಕೇಂದ್ರ ಮೋಟಾರು ವಾಹನ ನಿಯಮ 125-ಎಚ್‌ರ ಅನ್ವಯ ಅಗತ್ಯವಾಗಿದ್ದು, ಬಾಡಿಗೆಗೆ ಓಡಿಸುವ ಕ್ಯಾರವಾನ್ ಮಾಲೀಕರು ಇದನ್ನು ಗಮನದಲ್ಲಿಡತಕ್ಕದ್ದು. ಸದರಿ ಸಾಧನವು ವಾಹನ ಎಲ್ಲಿದೆ ಎಂಬುದನ್ನು ನಿಯಂತ್ರಣ ಕೇಂದ್ರಕ್ಕೆ ತಿಳಿಸುತ್ತದೆಯೇ ಹೊರತು, ಚಾಲಕನಿಗೆ ದಾರಿ ತೋರಿಸುವುದಿಲ್ಲ. "ಜಿ.ಪಿ.ಎಸ್. ಹಾಕಿಸಿದ್ದಾಗಿದೆ" ಎಂಬ ಸಮಾಧಾನದಲ್ಲಿ ಮಾರ್ಗದರ್ಶಿ ಸಾಧನದ ವಿಚಾರವನ್ನೇ ಬಿಟ್ಟುಬಿಡುವುದು ಸರಿಯಲ್ಲ, ಮಾರ್ಗದರ್ಶಿ ಸಾಧನ ಇದೆಯೆಂದು ಜಾಡು ಪತ್ತೆ ಸಾಧನಕ್ಕೆ ವಿನಾಯಿತಿಯೂ ದೊರೆಯದು.

ಎತ್ತರವನ್ನು ಕೇಳುವ ಸಾಧನ, ಕೇಳದ ಸಾಧನ

ಮಾರುಕಟ್ಟೆಯಲ್ಲಿರುವ ಸಾಧನಗಳನ್ನು ಬೆಲೆ, ಪರದೆಯ ಗಾತ್ರ, ಧ್ವನಿಯ ಭಾಷೆ ಇತ್ಯಾದಿಗಳಿಂದ ಹೋಲಿಸುವ ಮೊದಲು ಒಂದು ಪ್ರಶ್ನೆಯಿಂದ ಎರಡು ಗುಂಪು ಮಾಡಿಕೊಳ್ಳಬಹುದು: ವಾಹನದ ಎತ್ತರ, ಅಗಲ, ಉದ್ದ ಹಾಗೂ ತೂಕವನ್ನು ನಮೂದಿಸಲು ಅದರಲ್ಲಿ ಅವಕಾಶವಿದೆಯೇ, ಇಲ್ಲವೇ?

ಸಾಮಾನ್ಯ ಬಳಕೆಯ ಮೊಬೈಲ್ ನಕ್ಷೆಗಳು ವಾಹನವನ್ನು ಕಾರು ಅಥವಾ ದ್ವಿಚಕ್ರ ವಾಹನ ಎಂದಷ್ಟೇ ತಿಳಿಯುತ್ತವೆ. ಗೂಗಲ್ ಸಂಸ್ಥೆಯು 2024ರ ಜುಲೈ ತಿಂಗಳಿನಲ್ಲಿ ಬೆಂಗಳೂರು ಸೇರಿದಂತೆ 8 ನಗರಗಳಲ್ಲಿ ನಾಲ್ಕು ಚಕ್ರದ ವಾಹನಗಳನ್ನು ಕಿರಿದಾದ ರಸ್ತೆಗಳಿಂದ ದೂರವಿಡುವ ಸೌಲಭ್ಯವನ್ನೂ, 40 ನಗರಗಳಲ್ಲಿ ಮೇಲ್ಸೇತುವೆ ಹತ್ತಬೇಕೇ ಬೇಡವೇ ಎಂಬ ಸೂಚನೆಯನ್ನೂ ಪ್ರಕಟಿಸಿತು. ಮ್ಯಾಪ್‌ಮೈಇಂಡಿಯಾ ಸಂಸ್ಥೆಯ ಮ್ಯಾಪಲ್ಸ್ ನಕ್ಷೆಯು ಮೇಲ್ಸೇತುವೆ ಮತ್ತು ಕೆಳಸೇತುವೆಗಳಿರುವ ಕೂಡುರಸ್ತೆಗಳನ್ನು ಚಿತ್ರರೂಪದಲ್ಲಿ ತೋರಿಸುತ್ತದೆ. ಇವು ಸ್ವಾಗತಾರ್ಹವೇ. ಆದರೆ ಕಿರಿದು ಎಂಬ ಮಾತಿಗೆ ಕಾರಿನ ಲೆಕ್ಕದಲ್ಲಿ ಒಂದು ಅರ್ಥ, ನಿಯಮಗಳು ಅನುಮತಿಸುವ ಗರಿಷ್ಠ 2.6 ಮೀಟರ್ ಅಗಲಕ್ಕೆ ಸಮೀಪವಿರುವ ವಾಹನದ ಲೆಕ್ಕದಲ್ಲಿ ಇನ್ನೊಂದು ಅರ್ಥ.

ಯೂರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಕ್ಯಾರವಾನ್‌ಗೆಂದೇ ಗಾರ್ಮಿನ್, ಟಾಮ್‌ಟಾಮ್ ಮುಂತಾದ ಸಂಸ್ಥೆಗಳು ಪ್ರತ್ಯೇಕ ಸಾಧನಗಳನ್ನು ಮಾರುತ್ತವೆ. ಬ್ರಿಟನ್ನಿನಲ್ಲಿ ರೈಲ್ವೆ ಸೇತುವೆಗಳಿಗೆ ಎತ್ತರದ ವಾಹನಗಳು ಢಿಕ್ಕಿ ಹೊಡೆಯುವ ಪ್ರಕರಣಗಳು ವರ್ಷಕ್ಕೆ ಸಾವಿರಕ್ಕೂ ಮೇಲ್ಪಟ್ಟು ನಡೆಯುತ್ತಿರುವುದರಿಂದ ಅಲ್ಲಿ ಸೇತುವೆಗಳ ಎತ್ತರವನ್ನು ನಕ್ಷೆಯಲ್ಲಿ ದಾಖಲಿಸುವ ಕೆಲಸ ಶ್ರದ್ಧೆಯಿಂದ ನಡೆದಿದೆ. ಈ ಸಾಧನಗಳು ಮುಖ್ಯವಾಗಿ ಆ ಪ್ರದೇಶಗಳ ನಕ್ಷೆಯೊಂದಿಗೆ ಬರುತ್ತವೆ. ವಿದೇಶದಲ್ಲಿರುವ ಬಂಧುಗಳ ಮೂಲಕ ಇಂತಹ ಸಾಧನವನ್ನು ತರಿಸಿಕೊಳ್ಳಬಯಸುವವರು, ಹಣ ನೀಡುವ ಮುನ್ನ ಭಾರತದ ನಕ್ಷೆ ಅದರಲ್ಲಿದೆಯೇ ಎಂಬುದನ್ನಲ್ಲದೆ, ಆ ನಕ್ಷೆಯಲ್ಲಿ ಎತ್ತರ ಹಾಗೂ ತೂಕದ ಮಿತಿಗಳು ದಾಖಲಾಗಿವೆಯೇ ಎಂಬುದನ್ನೂ ಲಿಖಿತವಾಗಿ ಕೇಳಿ ತಿಳಿಯುವುದು ಒಳಿತು. ದಾಖಲೆಯಿಲ್ಲದ ನಕ್ಷೆಯ ಮೇಲೆ ದುಬಾರಿ ಸಾಧನವೂ ಕಾರಿನ ದಾರಿಯನ್ನೇ ತೋರಿಸುತ್ತದೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯನ್ನು ಆಧರಿಸಿದ ಆಸ್ಮ್‌ಆಂಡ್‌ನಂತಹ ತಂತ್ರಾಂಶಗಳಲ್ಲಿ ವಾಹನದ ಅಳತೆಗಳನ್ನು ನಮೂದಿಸಬಹುದು; ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಮೊಬೈಲ್ ಸಂಪರ್ಕವಿಲ್ಲದೆಯೂ ಬಳಸಬಹುದು. ಇಲ್ಲಿ ಒಂದು ಸೂಕ್ಷ್ಮವನ್ನು ಅರಿಯತಕ್ಕದ್ದು. ಯಾವ ಸೇತುವೆಯ ಎತ್ತರವನ್ನು ಯಾರೂ ನಕ್ಷೆಯಲ್ಲಿ ದಾಖಲಿಸಿಲ್ಲವೋ, ಆ ಸೇತುವೆಯನ್ನು ತಂತ್ರಾಂಶವು ಮಿತಿಯಿಲ್ಲದ ಸೇತುವೆಯೆಂದೇ ಪರಿಗಣಿಸುತ್ತದೆ. ಲೆಕ್ಕಪತ್ರದಲ್ಲಿ ಖಾಲಿ ಬಿಟ್ಟ ಅಂಕಣವನ್ನು ಸೊನ್ನೆಯೆಂದು ಓದಿದಂತೆ ಇದು. ಸಾಧನವು ಎಚ್ಚರಿಕೆ ನೀಡಿದರೆ ಅದನ್ನು ನಂಬಬಹುದು. ಎಚ್ಚರಿಕೆ ನೀಡಲಿಲ್ಲವೆಂಬ ಕಾರಣಕ್ಕೆ ದಾರಿ ಸುಗಮವೆಂದು ಭಾವಿಸಲಾಗದು.

ಕೊಳ್ಳುವ ಮೊದಲು ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ. ತಮ್ಮ ಊರಿನ ಬಳಿ ತಮಗೆ ಚೆನ್ನಾಗಿ ಪರಿಚಯವಿರುವ ತಗ್ಗಾದ ರೈಲ್ವೆ ಕೆಳಸೇತುವೆಯೊಂದನ್ನು ಆರಿಸಿ, ಅದರ ಆಚೆ ಬದಿಯ ಸ್ಥಳವನ್ನು ಗುರಿಯಾಗಿ ಕೊಟ್ಟು, ವಾಹನದ ಎತ್ತರವನ್ನು ನಮೂದಿಸಿ ನೋಡುವುದು. ಸಾಧನವು ಸುತ್ತುದಾರಿಯನ್ನು ತೋರಿಸಿದರೆ ಆ ಭಾಗದ ನಕ್ಷೆಯಲ್ಲಿ ಮಿತಿಗಳು ದಾಖಲಾಗಿವೆ. ನೇರವಾಗಿ ಸೇತುವೆಯ ಕೆಳಗೇ ಕಳುಹಿಸಿದರೆ ಅದರ ಬೆಲೆ ಎಷ್ಟಿದ್ದರೂ ಫಲವಿಲ್ಲ.

ಲಾರಿಗಳಿಗೆಂದು ರೂಪಿಸಿದ ಮಾರ್ಗದರ್ಶಿಯನ್ನು ಬಳಸುವವರೂ ಇದ್ದಾರೆ. ಇದು ಕೇವಲ ಅರ್ಧ ಪರಿಹಾರ. ಕ್ಯಾರವಾನ್ ಸರಕು ವಾಹನವಲ್ಲವಾದ್ದರಿಂದ, ಸರಕು ವಾಹನಗಳ ನಿಷೇಧವಿರುವ ರಸ್ತೆಗಳನ್ನೆಲ್ಲ ಬಿಟ್ಟು ಅನಾವಶ್ಯಕವಾಗಿ ದೂರದ ದಾರಿಯನ್ನು ಅದು ತೋರಿಸಬಹುದು. ಎತ್ತರ, ತೂಕದ ಮಟ್ಟಿಗೆ ಮಾತ್ರ ಅದರ ಸಲಹೆ ಉಪಯುಕ್ತ.

ರೈಲ್ವೆ ಕೆಳಸೇತುವೆಗಳು

ನಮ್ಮ ದೇಶದಲ್ಲಿ ಎತ್ತರದ ಪ್ರಶ್ನೆಯು ಕಳೆದ ದಶಕದಲ್ಲಿ ತೀವ್ರಗೊಂಡುದಕ್ಕೆ ಒಂದು ಒಳ್ಳೆಯ ಕೆಲಸವೇ ಕಾರಣವಾಗಿದೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿನ ಕಾವಲುರಹಿತ ಲೆವೆಲ್ ಕ್ರಾಸಿಂಗ್‌ಗಳನ್ನು 2019ರ ಜನವರಿ ಅಂತ್ಯದ ವೇಳೆಗೆ ತೆಗೆದುಹಾಕಲಾಯಿತು. ಇದರಿಂದ ಅಪಘಾತಗಳು ತಪ್ಪಿವೆ. ಆದರೆ ಅನೇಕ ಕಡೆಗಳಲ್ಲಿ ಅವುಗಳ ಬದಲಿಗೆ ಸೀಮಿತ ಎತ್ತರದ ಕೆಳಸೇತುವೆಗಳು ನಿರ್ಮಾಣವಾಗಿವೆ. ಹಿಂದೆ ಹಳಿಯ ಮೇಲೆ ಹಾದುಹೋಗುತ್ತಿದ್ದ ರಸ್ತೆ ಈಗ ಹಳಿಯ ಕೆಳಗೆ ಇಳಿಯುತ್ತದೆ. ನಕ್ಷೆಯಲ್ಲಿ ರಸ್ತೆಯ ಗೆರೆ ಮಾತ್ರ ಹಾಗೆಯೇ ಉಳಿದಿದೆ.

ವಿದ್ಯುದೀಕರಣಗೊಂಡ ಮಾರ್ಗಗಳ ಲೆವೆಲ್ ಕ್ರಾಸಿಂಗ್‌ಗಳ ಎರಡೂ ಬದಿಗಳಲ್ಲಿ ನಿಲ್ಲಿಸಿರುವ ಎತ್ತರ ಮಾಪಕ ಕಮಾನುಗಳು 4.67 ಮೀಟರ್ ಎತ್ತರದಲ್ಲಿರುತ್ತವೆ. ನಿಯಮಾನುಸಾರ ನಿರ್ಮಿಸಿದ ಕ್ಯಾರವಾನ್‌ಗೆ ಅಲ್ಲಿ ತೊಂದರೆಯಾಗದು. ಸೀಮಿತ ಎತ್ತರದ ಕೆಳಸೇತುವೆಗಳಿಗೆ ಈ ಭರವಸೆ ಅನ್ವಯಿಸುವುದಿಲ್ಲ. ಮಳೆಗಾಲದಲ್ಲಿ ನೀರು ನಿಲ್ಲುವುದು ಇನ್ನೊಂದು ಅಪಾಯ. ದಿನಾಂಕ 21-05-2023ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ್ದ ಮಳೆ ನೀರಿನಲ್ಲಿ ಕಾರು ಸಿಲುಕಿ ಯುವತಿಯೊಬ್ಬರು ಮೃತಪಟ್ಟ ಘಟನೆ ರಾಜಧಾನಿಯ ಹೃದಯಭಾಗದಲ್ಲಿಯೇ ನಡೆಯಿತು. ಆ ಕ್ಷಣದ ನೀರಿನ ಆಳವನ್ನು ನಕ್ಷೆಯಿಂದ ತಿಳಿಯಲಾಗದು.

ಎತ್ತರವನ್ನು ಅಳೆಯುವಾಗ ವಾಹನದ ತಯಾರಕರು ನೀಡಿದ ಅಂಕಿಯನ್ನೇ ನಮೂದಿಸಿಬಿಡುವುದು ಸುಲಭವಾಗಿ ಆಗುವ ತಪ್ಪು. ಛಾವಣಿಯ ಮೇಲಿನ ಹವಾನಿಯಂತ್ರಣ ಪೆಟ್ಟಿಗೆ, ಸೌರ ಫಲಕ, ಆಂಟೆನಾ, ಸಾಮಾನಿನ ಕ್ಯಾರಿಯರ್ ಇವೆಲ್ಲವನ್ನೂ ಸೇರಿಸಿ, ನೀರಿನ ತೊಟ್ಟಿ ಖಾಲಿಯಿರುವಾಗ ಸಮತಟ್ಟಾದ ನೆಲದಲ್ಲಿ ಅಳೆಯತಕ್ಕದ್ದು. ತೊಟ್ಟಿ ತುಂಬಿದಾಗ ವಾಹನ ಸ್ವಲ್ಪ ತಗ್ಗುತ್ತದೆ, ಖಾಲಿಯಾದಾಗ ಏರುತ್ತದೆ. ದೊರೆತ ಅಂಕಿಗೆ ಒಂದಿಷ್ಟು ಅಂತರವನ್ನು ಕೂಡಿಸಿ ಸಾಧನದಲ್ಲಿ ನಮೂದಿಸಿ, ಅದೇ ಅಂಕಿಯನ್ನು ಚಾಲಕನ ಕಣ್ಣಿಗೆ ಬೀಳುವಂತೆ ಬರೆದು ಅಂಟಿಸುವುದು ಸೂಕ್ತ. ರಸ್ತೆಗೆ ಮರು ಡಾಂಬರು ಹಾಕಿದಂತೆಲ್ಲ ಸೇತುವೆಯ ಕೆಳಗಿನ ತೆರವು ಕಡಿಮೆಯಾಗುತ್ತದೆ. ಫಲಕ ಮಾತ್ರ ಬದಲಾಗದೆ ಇರಬಹುದು.

ಘಾಟಿಗಳು ಮತ್ತು ಅರಣ್ಯ ಮಾರ್ಗಗಳು

ರಾಜ್ಯದ ಘಾಟಿ ರಸ್ತೆಗಳಲ್ಲಿ ಅಡೆತಡೆ ಎತ್ತರದ್ದಲ್ಲ, ಉದ್ದದ್ದು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಉದ್ದದ ವಾಹನ ತಿರುಗುವಾಗ ಎದುರಿನ ವಾಹನಗಳು ನಿಲ್ಲಲೇಬೇಕಾಗುತ್ತದೆ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಮುಂತಾದ ಮಾರ್ಗಗಳಲ್ಲಿ ಭೂಕುಸಿತದ ಭೀತಿಯಿಂದ ಭಾರಿ ವಾಹನಗಳ ಸಂಚಾರವನ್ನು ಜಿಲ್ಲಾಡಳಿತಗಳು ನಿರ್ಬಂಧಿಸಿರುವ ನಿದರ್ಶನಗಳು ಹಲವು. ಮೋಟಾರು ವಾಹನ ಕಾಯ್ದೆ, 1988ರ ಕಲಂ 115ರಲ್ಲಿ ಇದಕ್ಕೆ ಅಧಿಕಾರವಿದೆ. ಇಂತಹ ಆದೇಶಗಳು ಸಾಮಾನ್ಯವಾಗಿ ಆಕ್ಸಲ್‌ಗಳ ಸಂಖ್ಯೆ, ತೂಕ, ಬಸ್ಸಿನ ಬಗೆ ಇವುಗಳನ್ನು ಹೆಸರಿಸುತ್ತವೆ. ಕ್ಯಾರವಾನ್ ಎಂಬ ಪದ ಅವುಗಳಲ್ಲಿ ಇಲ್ಲದಿದ್ದರೂ ಬಸ್ಸಿನ ಚಾಸಿಯ ವಾಹನವನ್ನು ತನಿಖಾ ಠಾಣೆಯಲ್ಲಿ ಬಸ್ಸೆಂದೇ ಪರಿಗಣಿಸುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಆದೇಶ ಹೊರಟ ದಿನವೇ ಅದು ಮಾರ್ಗದರ್ಶಿ ಸಾಧನಕ್ಕೆ ತಲುಪುವುದಿಲ್ಲ. ಹೊರಡುವ ಹಿಂದಿನ ದಿನ ಸಂಬಂಧಪಟ್ಟ ಜಿಲ್ಲಾಡಳಿತದ ಪ್ರಕಟಣೆಯನ್ನು ನೋಡಿಕೊಳ್ಳುವುದಕ್ಕೆ ಯಾವ ಸಾಧನವೂ ಪರ್ಯಾಯವಲ್ಲ.

ಬಂಡೀಪುರದ ರಾತ್ರಿ ಸಂಚಾರ ನಿಷೇಧವು ಇನ್ನೊಂದು ಬಗೆಯ ಪಾಠವನ್ನು ಕಲಿಸುತ್ತದೆ. ಗುಂಡ್ಲುಪೇಟೆಯಿಂದ ವಯನಾಡು ಹಾಗೂ ಊಟಿಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಮತ್ತು 181ರಲ್ಲಿ ರಾತ್ರಿ 9.00ರಿಂದ ಬೆಳಿಗ್ಗೆ 6.00ರವರೆಗೆ ಸಾರ್ವಜನಿಕ ವಾಹನ ಸಂಚಾರಕ್ಕೆ 2009ರಿಂದ ನಿಷೇಧವಿದ್ದು, ಕರ್ನಾಟಕ ಉಚ್ಚ ನ್ಯಾಯಾಲಯವು 2010ರಲ್ಲಿ ಇದನ್ನು ಎತ್ತಿಹಿಡಿದಿದೆ. ಬೆಂಗಳೂರಿನಿಂದ ಸಂಜೆ 4.30ಕ್ಕೆ ಹೊರಟ ವಾಹನವು 4 ಗಂಟೆಗಳಲ್ಲಿ, ಅಂದರೆ 8.30ಕ್ಕೆ, ಮೇಲುಕಾಮನಹಳ್ಳಿ ತನಿಖಾ ಠಾಣೆಯನ್ನು ತಲುಪುವುದೆಂದು ಸಾಧನ ತೋರಿಸಿತೆಂದು ಭಾವಿಸೋಣ. ಆ ಲೆಕ್ಕ ಕಾರಿನದು. ಕ್ಯಾರವಾನ್‌ನ ಸರಾಸರಿ ವೇಗ ಕಾರಿಗಿಂತ ಶೇಕಡ 20ರಷ್ಟು ಕಡಿಮೆಯಾದರೂ ಅದೇ ದಾರಿಗೆ 5 ಗಂಟೆ ಬೇಕು. 9.30ಕ್ಕೆ ತಲುಪಿದವರಿಗೆ ಗೇಟು ಮುಚ್ಚಿರುತ್ತದೆ. ಮಕ್ಕಳು, ವೃದ್ಧರೊಂದಿಗೆ ದೊಡ್ಡ ವಾಹನವನ್ನು ಅಲ್ಲಿಂದ ತಿರುಗಿಸಿಕೊಂಡು ರಾತ್ರಿ ತಂಗುವ ಸ್ಥಳ ಹುಡುಕುವುದು ಪ್ರಯಾಸದ ಕೆಲಸ. ನಿಷೇಧದ ಅರಿವಿರುವ ಸಾಧನವಾದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವಾಗಿ ವಯನಾಡಿಗೆ ಹೋಗಲು ಸೂಚಿಸಬಹುದು. ಕೊಡಗಿನ ಆ ರಸ್ತೆಯ ತಿರುವುಗಳು ತಮ್ಮ ವಾಹನಕ್ಕೆ ಹೊಂದುವವೇ ಎಂಬುದನ್ನು ಹಗಲಿನಲ್ಲಿಯೇ ನಿರ್ಧರಿಸಿಕೊಳ್ಳತಕ್ಕದ್ದು. ನಾಗರಹೊಳೆ ಮೂಲಕ ಸಾಗುವ ಮೈಸೂರು-ಮಾನಂದವಾಡಿ ರಸ್ತೆಯಲ್ಲಿಯಾದರೋ ನಿಷೇಧ ಸಂಜೆ 6.00ಕ್ಕೇ ಆರಂಭವಾಗುತ್ತದೆ. ನೀಲಗಿರಿ ಜಿಲ್ಲೆಗೆ ಹೋಗುವವರು, 2024ರ ಮೇ 7ರಿಂದ ಮದ್ರಾಸ್ ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ಅಲ್ಲಿ ಜಾರಿಗೆ ಬಂದ ಇ-ಪಾಸ್ ವ್ಯವಸ್ಥೆಯ ಇತ್ತೀಚಿನ ನಿಬಂಧನೆಗಳನ್ನೂ ಪರಿಶೀಲಿಸಿಕೊಳ್ಳುವುದು ಅಗತ್ಯ.

ಇಂತಹ ಮಾರ್ಗಗಳಲ್ಲಿ ಮೊಬೈಲ್ ಸಂಪರ್ಕ ಆಗಾಗ್ಗೆ ಕಡಿದುಹೋಗುವುದರಿಂದ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಂಡಿರಬೇಕು. ಮುದ್ರಿತ ರಸ್ತೆ ನಕ್ಷೆಯ ಒಂದು ಪ್ರತಿಯನ್ನೂ ಇಟ್ಟುಕೊಂಡಿದ್ದರೆ ನಗುವವರು ನಗಲಿ.

ಚಾಲನೆ, ಪರವಾನಗಿ ಮತ್ತು ನೋಂದಣಿ

ದಿನಾಂಕ 01-10-2020ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಚಾಲನೆಯ ವೇಳೆ ಮಾರ್ಗದರ್ಶನಕ್ಕಾಗಿ ಮಾತ್ರ, ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ ಬಳಸಬಹುದಾಗಿದೆ. ಬೇರೆ ರೀತಿಯ ಬಳಕೆಯು ಕಾಯ್ದೆಯ ಕಲಂ 184ರಡಿ ಅಪಾಯಕಾರಿ ಚಾಲನೆಯೆನಿಸಬಹುದು. ಮೊದಲ ಅಪರಾಧಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಕಾರಾವಾಸ, ಅಥವಾ ರೂ. 1,000ದಿಂದ ರೂ. 5,000ದವರೆಗೆ ಜುಲ್ಮಾನೆ, ಅಥವಾ ಎರಡನ್ನೂ ಕಾಯ್ದೆ ವಿಧಿಸಿದೆ. ಸಾಧನವನ್ನು ಗಾಜಿನ ಮಧ್ಯಭಾಗಕ್ಕೆ ಅಂಟಿಸದೆ ದೃಷ್ಟಿಗೆ ಅಡ್ಡಿಯಾಗದ ಕಡೆ ಭದ್ರವಾಗಿ ಕೂರಿಸಿ, ಗುರಿಯನ್ನು ವಾಹನ ನಿಂತಿರುವಾಗಲೇ ನಮೂದಿಸತಕ್ಕದ್ದು. ಕ್ಯಾರವಾನ್‌ನಲ್ಲಿ ಸಾಮಾನ್ಯವಾಗಿ ಒಬ್ಬರಿಗಿಂತ ಹೆಚ್ಚು ಜನ ಇರುವುದರಿಂದ, ಪರದೆಯನ್ನು ಪಕ್ಕದಲ್ಲಿ ಕುಳಿತವರು ನೋಡಿ ಹೇಳುವುದು ಇನ್ನೂ ಉತ್ತಮ.

ಒಟ್ಟು ತೂಕ 7,500 ಕಿ.ಗ್ರಾಂ. ಮೀರದ ವಾಹನವು ಲಘು ಮೋಟಾರು ವಾಹನವಾಗಿದ್ದು, ಆ ಪರವಾನಗಿ ಉಳ್ಳವರು ಅದೇ ತೂಕದ ಮಿತಿಯೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ದಿನಾಂಕ 06-11-2024ರಂದು ತೀರ್ಪು ನೀಡಿದೆ. ದೊಡ್ಡ ಕ್ಯಾರವಾನ್‌ಗಳಲ್ಲಿ ಈ ಮಿತಿಯನ್ನು ಮೀರುವಂಥವು ಇರುವುದರಿಂದ, ನೋಂದಣಿ ಪ್ರಮಾಣಪತ್ರದಲ್ಲಿನ ಒಟ್ಟು ತೂಕವನ್ನು ನೋಡಿಯೇ ಪರವಾನಗಿಯ ವರ್ಗವನ್ನು ನಿರ್ಧರಿಸಿಕೊಳ್ಳಬೇಕು. ಸಾಧನದಲ್ಲಿ ತೂಕವನ್ನು ನಮೂದಿಸುವಾಗಲೂ ಇದೇ ಅಂಕಿಯನ್ನು ಬಳಸತಕ್ಕದ್ದೇ ಹೊರತು ಖಾಲಿ ವಾಹನದ ತೂಕವನ್ನಲ್ಲ. ಹಳೆಯ ಸೇತುವೆಗಳ ಬಳಿಯ ತೂಕದ ಮಿತಿ ಫಲಕವು ತುಂಬಿದ ವಾಹನಕ್ಕೆ ಸಂಬಂಧಿಸಿದ್ದು.

ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಹಾಗೂ ಬಾಡಿಗೆಯ ಕ್ಯಾರವಾನ್ ವಾಹನ್ ತಂತ್ರಾಂಶದಲ್ಲಿ ಬೇರೆ ಬೇರೆ ವರ್ಗಗಳಾಗಿವೆ. ಬಾಡಿಗೆಗೆ ಓಡಿಸುವವರು 2023ರ ಅಖಿಲ ಭಾರತ ಪ್ರವಾಸಿ ವಾಹನ ನಿಯಮಗಳ ಅಡಿ ರಹದಾರಿಗೆ ಅರ್ಜಿ ಸಲ್ಲಿಸುವ ಕುರಿತು ವಿಚಾರಿಸಿಕೊಳ್ಳಬಹುದು. ಹಳೆಯ ಬಸ್ಸನ್ನು ಅಥವಾ ವ್ಯಾನನ್ನು ತಾವೇ ಮಾರ್ಪಡಿಸಲು ಬಯಸುವವರು, ನೋಂದಣಿಯಲ್ಲಿನ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬದಲಾಗುವಂತಹ ಮಾರ್ಪಾಡನ್ನು ಕಲಂ 52 ನಿಷೇಧಿಸುತ್ತದೆ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ತಿಳಿದಿರಬೇಕು. ಮೋಟಾರ್ ಕ್ಯಾರವಾನ್‌ಗಳಿಗೆ ಎ.ಐ.ಎಸ್.-124 ಎಂಬ ಪ್ರತ್ಯೇಕ ಮಾನದಂಡವಿದೆ. ಸಂಶಯವಿದ್ದಲ್ಲಿ, ಮುಂಗಡ ಹಣ ನೀಡುವ ಮುನ್ನ ತಮ್ಮ ವಾಸಸ್ಥಳದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ, ವಾಹನದ ಉದ್ದ, ಅಗಲ, ಎತ್ತರ ಹಾಗೂ ಒಟ್ಟು ತೂಕವನ್ನು ಬರೆದ ಒಂದು ಹಾಳೆಯೊಂದಿಗೆ ವಿಚಾರಿಸಬಹುದು. ಮಾರ್ಗದರ್ಶಿ ಸಾಧನಕ್ಕೆ ಬೇಕಾಗುವುದೂ ಇದೇ ನಾಲ್ಕು ಅಂಕಿಗಳು.